ಮುದ್ರೆ ನಿಮ್ಮದು, ಮಾತೂ ನಿಮ್ಮದಿರಲಿ

(ಬಾನುಲಿ ಭಾಷಣ)

ಕೆಲಸಕ್ಕೆ ಅರ್ಜಿ ಬರೆಯುವುದೂ ಒಂದು ವಿದ್ಯೆಯೆ, ಅದನ್ನು ಕುರಿತು ಹದಿನೈದು ನಿಮಿಷ ಮಾತನಾಡುವಷ್ಟು ಸಂಗತಿ ಇದೆಯೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಕಥೆ ಬರೆಯುವವರು, ಕವಿತೆ ಬರೆಯುವವರು ನಮ್ಮಲ್ಲಿ ಕೆಲವರೇ. ಬಾಳಿನಲ್ಲಿ ಒಂದಲ್ಲ ಒಂದು ದಿನ ಅರ್ಜಿ ಬರೆಯದ ಓದುಬಲ್ಲವರು ಮಾತ್ರ ವಿರಳ. ಬಹುಮಂದಿಗೆ ತಮ್ಮ ಜೀವಮಾನದ ಅತ್ಯಂತ ಮುಖ್ಯವಾದ ಗದ್ಯರಚನೆ ಅದೇ. ಅದನ್ನು ಓದುವವರು ಒಬ್ಬರೋ ಇಬ್ಬರೋ. ಅವರು ಅದಕ್ಕೆ ಕೊಡುವ ಹೊತ್ತು ಒಂದೆರಡು ನಿಮಿಷ. ಆ ಒಂದೆರಡು ನಿಮಿಷದ ಮೇಲೆ ಒಂದು ಮನೆಯ ಮುಂದಿನ ಹತ್ತು ವರ್ಷಗಳು ನಿಂತಿರುವುದುಂಟು. ಹೀಗಿದ್ದೂ ಆ ಗದ್ಯವನ್ನು ನಾವು ಬರೆಯುವುದಿಲ್ಲ. ಎಲ್ಲಿಂದಲೋ ತಂದು ಇಳಿಸಿಕೊಳ್ಳುತ್ತೇವೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಸಂಗತಿಯನ್ನು ಕುರಿತು.

ಮೊದಲು ಯಾವ ಪತ್ರದ ಮಾತು ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಸರಕಾರಿ ನೌಕರಿಗೆ ಈಗ ಬಹುಮಟ್ಟಿಗೆ ನಿಗದಿಯಾದ ನಮೂನೆಯಿದೆ. ಗಣಕಯಂತ್ರದ ಮುಂದೆ ಕುಳಿತು ಕೇಳಿದ ಮನೆಗಳನ್ನು ತುಂಬಿದರೆ ಮುಗಿಯಿತು. ಅಲ್ಲಿ ಪತ್ರಕ್ಕೆ ಎಡೆಯಿಲ್ಲ. ಆದರೆ ಖಾಸಗಿ ಶಾಲೆ, ಪತ್ತಿನ ಸಹಕಾರ ಸಂಘ, ಆಸ್ಪತ್ರೆ, ಕಾರಖಾನೆ, ಪತ್ರಿಕೆ, ವ್ಯಾಪಾರದ ಕಚೇರಿ ಇವುಗಳಲ್ಲಿ ಇಂದಿಗೂ ಬಯೋಡೇಟಾದ ಜೊತೆಗೆ ಒಂದು ಪತ್ರವನ್ನು ನಿರೀಕ್ಷಿಸುತ್ತಾರೆ. ಇಂಗ್ಲಿಷಿನಲ್ಲಿ ಕವರಿಂಗ್ ಲೆಟರ್ ಎಂದು ನಾವೆಲ್ಲ ಕರೆಯುವುದು ಇದನ್ನೇ. ಬಯೋಡೇಟಾ ಓದಿದ ವರ್ಷಗಳನ್ನೂ ಪಡೆದ ಅಂಕಗಳನ್ನೂ ಪಟ್ಟಿಮಾಡುತ್ತದೆ. ಪತ್ರವು ಆ ಪಟ್ಟಿಯ ಹಿಂದಿರುವ ಮನುಷ್ಯನನ್ನು ಎದುರಿಗೆ ಕೂರಿಸಬೇಕು. ಅಷ್ಟು ಮಾಡದಿದ್ದರೆ ಅದು ಕೇವಲ ಹೊದಿಕೆಯ ಕಾಗದ.

ಹೈದರಾಬಾದಿನಿಂದ ಸೋಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಹುಮನಾಬಾದಿಗಿಂತ ಮೊದಲು, ಮನ್ನಾಏಖೇಳ್ಳಿ ಎಂಬ ಊರು ಸಿಗುತ್ತದೆ. ಹಗಲು ರಾತ್ರಿಯೆನ್ನದೆ ಲಾರಿಗಳು ಹರಿಯುವ ದಾರಿ. ಅಲ್ಲಿ ನಿಂತ ಒಬ್ಬ ತರುಣನಿಗೆ ಒಂದು ಕಡೆ ಹೈದರಾಬಾದು, ಇನ್ನೊಂದು ಕಡೆ ಸೋಲಾಪುರ, ಪುಣೆ, ಬೀದರವೂ ದೂರವಿಲ್ಲ. ಎಲ್ಲ ದಿಕ್ಕಿಗೂ ದಾರಿಗಳಿವೆ. ಯಾವ ದಾರಿ ಹಿಡಿದರೂ ಕೈಯಲ್ಲೊಂದು ಅರ್ಜಿ ಬೇಕು. ಕೆಲವು ವರ್ಷಗಳ ಹಿಂದೆ ಆ ಊರಿನ ಒಬ್ಬ ಹುಡುಗಿ, ವಾಣಿಜ್ಯ ಪದವಿ ಮುಗಿಸಿದವಳು, ತನ್ನ ಅರ್ಜಿಯ ಪತ್ರವನ್ನು ತಿದ್ದಿಕೊಡಿರೆಂದು ನನ್ನಲ್ಲಿಗೆ ತಂದಿದ್ದಳು. ಹುಮನಾಬಾದಿನ ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಸಹಾಯಕರ ಹುದ್ದೆ ತೆರವಾಗಿತ್ತು. ಪತ್ರ ಇಂಗ್ಲಿಷಿನಲ್ಲಿತ್ತು. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಕ್ರಿಯಾಶೀಲವಾದ ಸಂಸ್ಥೆಯೊಂದರಲ್ಲಿ ಸವಾಲಿನ ಸ್ಥಾನವನ್ನು ಪಡೆದು, ತನ್ನ ಕೌಶಲಗಳನ್ನೆಲ್ಲ ಸಂಸ್ಥೆಯ ಏಳಿಗೆಗೆ ಧಾರೆಯೆರೆಯುವ ಮಹದಾಸೆ ತನಗಿದೆ ಎಂಬ ಅರ್ಥದ ವಾಕ್ಯಗಳು ಅದರಲ್ಲಿದ್ದವು. ಅವೇ ವಾಕ್ಯಗಳನ್ನು ನಾನು ಬೇರೆ ಬೇರೆ ಹೆಸರುಗಳ ಅಡಿಯಲ್ಲಿ ಹತ್ತಾರು ಸಲ ಓದಿದ್ದೆ.

“ಪತ್ರ ಚಲೋ ಅದ, ತಂಗಿ, ಆದ್ರ ಇದರಾಗ ನೀ ಎಲ್ಲಿದ್ದಿ?” ಎಂದು ಕೇಳಿದೆ.

“ಕೆಳಗ ಸಹಿ ಮಾಡೀನಲ್ರಿ ಸರ್,” ಎಂದಳು.

ಆ ಉತ್ತರವನ್ನು ನಾನು ಮರೆತಿಲ್ಲ. ಮುಂದೆ ಕೇಳಿದೆ: “ಕಾಲೇಜು ಬಿಟ್ಟ ಮ್ಯಾಲ ಏನು ಮಾಡ್ತಿದ್ದಿ?”

“ಏನೂ ಇಲ್ರಿ. ನಮ್ಮವ್ವನ ಸಂಘದ ಲೆಕ್ಕ ಬರೀತೀನಿ, ಅಷ್ಟೇ.”

“ಎಷ್ಟು ದಿನದಿಂದ?”

“ಮೂರು ವರ್ಷ ಆತ್ರಿ.”

“ಮತ್ತ ಅದನ್ನ್ಯಾಕ ಬರ್ದಿಲ್ಲ?”

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿ, “ಅದೇನು ನೌಕರಿ ಏನ್ರಿ ಸರ್?” ಎಂದಳು.

ನೋಡಿ, ಹದಿನೈದು ಮಂದಿ ಹೆಣ್ಣುಮಕ್ಕಳ ಉಳಿತಾಯ, ಸಾಲ, ಬಡ್ಡಿ, ಕಂತು ಇವೆಲ್ಲವನ್ನೂ ಮೂರು ವರ್ಷ ಬರೆದವಳು ಲೆಕ್ಕ ಬರೆಯುವ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಸಂಗತಿಯನ್ನೇ ಬಿಟ್ಟಿದ್ದಳು. ತನಗಿರುವುದನ್ನು ಮನೆಯಲ್ಲಿಟ್ಟು, ತನ್ನದಲ್ಲದುದನ್ನು ಹೊತ್ತು ತಂದಿದ್ದಳು. ತಪ್ಪು ಅವಳದೊಂದೇ ಅಲ್ಲ. ಅರ್ಜಿಯೆಂದರೆ ಬೇರೆ ಯಾರದೋ ಗಂಭೀರವಾದ ಭಾಷೆ, ಅದರಲ್ಲಿ ನಮ್ಮ ಮನೆಯ ಮಾತಿಗೆ ಜಾಗವಿಲ್ಲವೆಂಬ ಭಾವನೆ ನಮ್ಮ ನಾಡಿನಲ್ಲಿ ಬಹಳ ಆಳಕ್ಕೆ ಇಳಿದಿದೆ. ಅದಕ್ಕೆ ಕಾರಣವೂ ಇದೆ.

ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ತೆಲುಗು, ದಖನಿ. ಕಚೇರಿಯಲ್ಲಿ ಮಾತ್ರ ಉರ್ದು. ಕಚೇರಿಗೆ ಏನನ್ನಾದರೂ ತಿಳಿಸಬೇಕಾದ ರೈತನು ಅರ್ಜಿನವೀಸನ ಎದುರು ಕುಳಿತು ತನ್ನ ಕಷ್ಟವನ್ನು ಬಾಯಲ್ಲಿ ಹೇಳುತ್ತಿದ್ದ. ಆತ ಅದನ್ನು ಕಚೇರಿಯ ಭಾಷೆಗೆ, ಕಚೇರಿಯ ವಿನಯಕ್ಕೆ ತಿರುಗಿಸಿ ಬರೆಯುತ್ತಿದ್ದ. ರೈತ ತಾನು ಓದಲಾರದ ಆ ಬರಹದ ಕೆಳಗೆ ಹೆಬ್ಬೆಟ್ಟು ಒತ್ತುತ್ತಿದ್ದ. ಬೇರೆ ದಾರಿಯೇ ಇರಲಿಲ್ಲ. 1956ರಲ್ಲಿ ಬೀದರ ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಕಚೇರಿಯ ಭಾಷೆ ಬದಲಾಯಿತು. ಈಗ ನಾವೆಲ್ಲ ಓದಬಲ್ಲೆವು, ಬರೆಯಬಲ್ಲೆವು. ಆದರೂ ನಮ್ಮದಲ್ಲದ ಬರಹದ ಕೆಳಗೆ ಗುರುತು ಒತ್ತುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ. ಅಜ್ಜನದು ಹೆಬ್ಬೆಟ್ಟು, ಮೊಮ್ಮಗಳದು ಸಹಿ.

ಹೀಗೆ ಒತ್ತಿದ ಗುರುತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಈ ಜಿಲ್ಲೆಯ ಚರಿತ್ರೆಯಲ್ಲಿಯೇ ಒಂದು ದಾರುಣ ನಿದರ್ಶನವಿದೆ. ಬೀದರದಲ್ಲಿ ಮಹಮೂದ್ ಗವಾನನ ಮದರಸಾವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 1472ರಲ್ಲಿ ಕಟ್ಟಿದ ವಿದ್ಯಾಲಯ, ಈಗ ಅರ್ಧ ಶಿಥಿಲ. ಗವಾನನು ಇರಾನಿನ ಗೀಲಾನ್ ಪ್ರಾಂತದಿಂದ 1453ರ ಸುಮಾರಿಗೆ ವ್ಯಾಪಾರಿಯಾಗಿ ಬಂದು, ತನ್ನ ಯೋಗ್ಯತೆಯಿಂದ ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದವನು. ಅಷ್ಟೇ ಅಲ್ಲ, ಪತ್ರ ಬರೆಯುವ ಕಲೆಯಲ್ಲಿ ಅವನು ಆಚಾರ್ಯ. ಆ ಕಲೆಯನ್ನು ಕುರಿತು ಪಾರಸಿಯಲ್ಲಿ ‘ಮನಾಜಿರ್ ಉಲ್ ಇನ್ಶಾ’ ಎಂಬ ಶಾಸ್ತ್ರಗ್ರಂಥವನ್ನೇ ರಚಿಸಿದ. ದೂರದೂರದ ದೊರೆಗಳಿಗೂ ವಿದ್ವಾಂಸರಿಗೂ ಅವನು ಬರೆದ ಓಲೆಗಳು ‘ರಿಯಾಜ್ ಉಲ್ ಇನ್ಶಾ’ ಎಂಬ ಸಂಗ್ರಹದಲ್ಲಿ ಉಳಿದುಬಂದಿವೆ. ಇಂಥವನ ಪ್ರಾಣ ಹೋದದ್ದು ಒಂದು ಪತ್ರದಿಂದ. ಅವನ ವಿರೋಧಿಗಳು ಮುದ್ರೆ ಕಾಯುವವನನ್ನು ಒಲಿಸಿಕೊಂಡು ಬರಿಯ ಕಾಗದದ ಮೇಲೆ ಅವನ ಮುದ್ರೆ ಒತ್ತಿಸಿದರು. ಒರಿಸ್ಸಾದ ದೊರೆಯನ್ನು ದಂಡೆತ್ತಿ ಬರುವಂತೆ ಕರೆಯುವ ದ್ರೋಹದ ಮಾತುಗಳನ್ನು ಆಮೇಲೆ ಅದರಲ್ಲಿ ಬರೆದು ಸುಲ್ತಾನನ ಕೈಗೆ ಮುಟ್ಟಿಸಿದರು. ಮುದ್ರೆ ತನ್ನದು, ಪತ್ರ ತನ್ನದಲ್ಲ ಎಂದು ಗವಾನನು ಹೇಳಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಆ ಮಾತನ್ನು ಕೇಳುವವರಿರಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧ ಮಂತ್ರಿಯ ತಲೆ ಉರುಳಿತು.

ಗವಾನನದು ಪರರ ಕಪಟ. ನಾವಾದರೋ ನಮ್ಮ ಮುದ್ರೆಯನ್ನು ಬರಿಯ ಹಾಳೆಯ ಮೇಲೆ ನಾವೇ ಒತ್ತಿ, ಯಾರು ಏನು ಬೇಕಾದರೂ ಬರೆಯಿರೆಂದು ಕೊಡುತ್ತೇವೆ. ನಮ್ಮ ತಲೆ ಹೋಗುವುದಿಲ್ಲ, ನಿಜ. ಆದರೆ ಸಂದರ್ಶನದ ದಿನ ಮೇಜಿನ ಆಚೆ ಕುಳಿತವರು ಅದೇ ಪತ್ರವನ್ನು ಕೈಯಲ್ಲಿ ಹಿಡಿದು, “ಇಲ್ಲಿ ಹೀಗೆ ಬರೆದಿದ್ದೀರಲ್ಲ, ಅದರ ಅರ್ಥವೇನು?” ಎಂದು ಕೇಳಿದಾಗ, ಮುದ್ರೆ ನನ್ನದು, ಮಾತು ನನ್ನದಲ್ಲ ಎಂದು ನಾವು ಹೇಳುವಂತಿಲ್ಲ. ಒಂದು ಆಯ್ಕೆ ಸಮಿತಿಯಲ್ಲಿ ಕುಳಿತಿದ್ದಾಗ ನಾನೇ ಕಂಡದ್ದನ್ನು ಹೇಳುತ್ತೇನೆ. ಅರ್ಜಿದಾರನೊಬ್ಬ ತನ್ನ ಪತ್ರದಲ್ಲಿ ಬೇರೊಂದು ಊರಿನ ಬೇರೊಂದು ಸಂಸ್ಥೆಯನ್ನು ಮನಸಾರೆ ಹೊಗಳಿದ್ದ. ಇಳಿಸಿಕೊಳ್ಳುವಾಗ ಹೆಸರು ಬದಲಿಸುವುದನ್ನು ಮರೆತಿದ್ದ. ಸಮಿತಿಯವರು ನಕ್ಕು ಹಾಳೆಯನ್ನು ಪಕ್ಕಕ್ಕಿಟ್ಟರು. ಆತ ಬುದ್ಧಿವಂತನೋ ದಡ್ಡನೋ, ಅದು ಯಾರಿಗೂ ತಿಳಿಯಲೇ ಇಲ್ಲ. ಅವನ ಪತ್ರದಲ್ಲಿ ಅವನು ಇರಲಿಲ್ಲ.

ಹಾಗಾದರೆ ನಮ್ಮದೇ ಆದ ಪತ್ರವನ್ನು ಬರೆಯುವುದು ಹೇಗೆ? ಮೂರು ಮಾತುಗಳಲ್ಲಿ ಹೇಳಬಹುದೆಂದು ತೋರುತ್ತದೆ: ಓದುವವರ ಅಗತ್ಯವನ್ನು ಅರಿಯುವುದು, ಮಾಡಿದ ಕೆಲಸವನ್ನು ಹೇಳುವುದು, ಇರುವ ಕೊರತೆಯನ್ನು ಮುಚ್ಚದಿರುವುದು.

ಮೊದಲನೆಯದು ಓದುವವರ ಅಗತ್ಯ. ಗವಾನನು ಮಡಿದ ಆಸುಪಾಸಿನಲ್ಲಿಯೇ, ಸುಮಾರು 1482ರಲ್ಲಿ, ಇಟಲಿಯ ಲಿಯೊನಾರ್ಡೊ ದ ವಿಂಚಿ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೋರಿ ಸಿದ್ಧಪಡಿಸಿದ ಪತ್ರವೊಂದು ಉಳಿದುಬಂದಿದೆ. ಲಿಯೊನಾರ್ಡೊ ಎಂದೊಡನೆ ನಮಗೆ ನೆನಪಾಗುವುದು ಅವನ ಚಿತ್ರಗಳು. ಆ ಪತ್ರದಲ್ಲಿ ಚಿತ್ರಕಲೆಯ ಪ್ರಸ್ತಾಪ ಬರುವುದು ಕೊನೆಗೆ, ಒಂದು ಮಾತಾಗಿ. ಅದಕ್ಕೆ ಮೊದಲು ಹಗುರವಾದ ಸೇತುವೆಗಳು, ಕೋಟೆಗೆ ಲಗ್ಗೆ ಹಾಕುವ ಸಾಧನಗಳು, ಫಿರಂಗಿಗಳು ಎಂದು ಅಂಶ ಅಂಶವಾಗಿ ತಾನು ಮಾಡಬಲ್ಲುದನ್ನು ಅವನು ಎಣಿಸುತ್ತಾನೆ. ಯಾಕೆಂದರೆ ಯುದ್ಧದ ಭೀತಿಯಲ್ಲಿದ್ದ ಆ ಅಧಿಪತಿಗೆ ಮೊದಲು ಬೇಕಾಗಿದ್ದುದು ಅದು. ಹೇಳಿಕೊಂಡದ್ದನ್ನೆಲ್ಲ ಲಿಯೊನಾರ್ಡೊ ಮಾಡಿ ತೋರಿಸಿದನೆ ಎಂಬುದು ಬೇರೆ ಪ್ರಶ್ನೆ. ಆ ಭಾಗವನ್ನು ನಾವು ಅನುಸರಿಸಬೇಕಾಗಿಲ್ಲ. ನಾವು ಕಲಿಯಬೇಕಾದುದು ಅವನ ಅನುಕ್ರಮವನ್ನು. ನನಗೆ ಯಾವುದು ಪ್ರಿಯವೋ ಅದರಿಂದ ಪತ್ರ ಆರಂಭವಾಗಬಾರದು. ಅವರಿಗೆ ಯಾವುದು ಬೇಕೋ ಅದರಿಂದ ಆರಂಭವಾಗಬೇಕು. ಆದುದರಿಂದ ಜಾಹೀರಾತನ್ನು ಎರಡು ಸಲ ಓದಿ, ಅವರು ಕೇಳಿರುವ ಗುಣಗಳ ಕೆಳಗೆ ಗೆರೆ ಎಳೆಯಿರಿ. ಆ ಸಂಸ್ಥೆ ಏನು ಕೆಲಸ ಮಾಡುತ್ತದೆ, ಯಾರಿಗಾಗಿ ಮಾಡುತ್ತದೆ ಎಂಬುದನ್ನು ವಿಚಾರಿಸಿ ತಿಳಿಯಿರಿ. ಹತ್ತು ಕಡೆಗೆ ಅರ್ಜಿ ಹಾಕುವುದಾದರೆ ಹತ್ತು ಪತ್ರ ಬರೆಯಬೇಕು. ಒಂದರ ಹತ್ತು ಪ್ರತಿಗಳು ಸಾಲವು.

ಎರಡನೆಯದು ಮಾಡಿದ ಕೆಲಸ. ನಾನು ಶ್ರಮಜೀವಿ, ಪ್ರಾಮಾಣಿಕ, ಹೊಂದಿಕೊಳ್ಳುವ ಸ್ವಭಾವದವನು ಎಂದು ನಮ್ಮನ್ನು ನಾವೇ ಕರೆದುಕೊಂಡರೆ ನಂಬುವವರು ಯಾರು? ಅವು ಇತರರು ನಮ್ಮ ಬಗೆಗೆ ಆಡಬೇಕಾದ ಮಾತುಗಳು. ನಾವು ಕೊಡಬೇಕಾದುದು ಅವರು ಆ ತೀರ್ಮಾನಕ್ಕೆ ಬರುವಂಥ ಒಂದು ಸಂಗತಿಯನ್ನು. ಯಾವ ಕೆಲಸ, ಎಲ್ಲಿ, ಎಷ್ಟು ಕಾಲ, ಅದರಿಂದ ಆದುದೇನು ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಬೇಕು. ಸಂಬಳ ಬಂದುದು ಮಾತ್ರವೇ ಕೆಲಸವೆಂದು ತಿಳಿಯಬಾರದು. ಅಡತಿ ಅಂಗಡಿಯಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಪಟ್ಟಿ ಬರೆದದ್ದು, ಕಾಲೇಜಿನ ಗ್ರಂಥಾಲಯದ ಪುಸ್ತಕಗಳನ್ನು ವಿಂಗಡಿಸಿದ್ದು, ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟದ್ದು ಎಲ್ಲವೂ ಕೆಲಸವೇ. ಕಾಯಕಕ್ಕೆ ಮೇಲು ಕೀಳೆಂಬುದಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಬಸವಕಲ್ಯಾಣ ಮನ್ನಾಏಖೇಳ್ಳಿಯ ನೆರೆಯಲ್ಲಿಯೇ ಇದೆ. ಅಲ್ಲಿಯ ಮಕ್ಕಳು ತಾವು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಬಾರದು. ಜೊತೆಗೆ, ಗಂಡನು ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಆ ಊರಿನದೇ. ಮಾಡಿದ್ದಕ್ಕಿಂತ ಒಂದು ಹಿಡಿ ಹೆಚ್ಚು ಹೇಳಿಕೊಳ್ಳುವುದೂ ಬೇಡ.

ಮೂರನೆಯದು ಕೊರತೆ. ಇದು ಎಲ್ಲಕ್ಕಿಂತ ಕಷ್ಟವಾದ ಭಾಗ. ನಪಾಸಾದ ವಿಷಯ, ಮನೆಯ ಕಷ್ಟದಿಂದ ಓದು ನಿಂತ ವರ್ಷ, ಗೊತ್ತಿಲ್ಲದ ವಿದ್ಯೆ ಇವುಗಳನ್ನು ಏನು ಮಾಡುವುದು? ಮುಚ್ಚಿಟ್ಟರೆ ಬಯೋಡೇಟಾದ ತಾರೀಖುಗಳೇ ಅದನ್ನು ಹೊರಗೆಡಹುತ್ತವೆ. ವಿಸ್ತಾರವಾಗಿ ಹೇಳಿಕೊಂಡರೆ ಪತ್ರ ಗೋಳಿನ ಕಥೆಯಾಗುತ್ತದೆ. ಇದಕ್ಕೆ ಒಂದು ಮಾದರಿ ಬೇಕಾದರೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಅರ್ಜಿಯನ್ನು ನೋಡಬೇಕು. ಎಫ್. ಎ. ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಿರಲಿಲ್ಲ. ಕೈಯಲ್ಲಿ ಪದವಿಯಿಲ್ಲ, ಮನೆಯಲ್ಲಿ ಬಡತನ. 1912ರ ಫೆಬ್ರವರಿ 9ರಂದು ಮದರಾಸು ಬಂದರು ಮಂಡಲಿಯ ಮುಖ್ಯ ಲೆಕ್ಕಾಧಿಕಾರಿಗೆ ಅವರು ಬರೆದ ಪತ್ರ ಕೆಲವೇ ಸಾಲುಗಳದು. ಗುಮಾಸ್ತೆಯ ಸ್ಥಾನ ತೆರವಾಗಿರುವುದು ತಿಳಿಯಿತು, ಅದಕ್ಕೆ ಅರ್ಜಿ ಸಲ್ಲಿಸುತ್ತಿದ್ದೇನೆ ಎಂಬುದು ಮೊದಲ ಮಾತು. ಮೆಟ್ರಿಕ್ಯುಲೇಷನ್ ಆಗಿದೆ, ಎಫ್. ಎ. ವರೆಗೆ ಓದಿದ್ದೇನೆ, ಪ್ರತಿಕೂಲ ಸಂದರ್ಭಗಳಿಂದ ಮುಂದೆ ಓದಲಾಗಲಿಲ್ಲ ಎಂಬುದು ಎರಡನೆಯದು. ಆದರೂ ಕಾಲವನ್ನೆಲ್ಲ ಗಣಿತಕ್ಕೆ ಕೊಟ್ಟು ಅದನ್ನು ಬೆಳೆಸುತ್ತಿದ್ದೇನೆ, ಕೆಲಸ ಕೊಟ್ಟರೆ ಅದಕ್ಕೆ ನ್ಯಾಯ ಸಲ್ಲಿಸಬಲ್ಲೆನೆಂಬ ವಿಶ್ವಾಸವಿದೆ ಎಂಬುದು ಮೂರನೆಯದು. ಸೋಲಿಗೆ ಅವರು ಕೊಟ್ಟ ಜಾಗ ಒಂದು ವಾಕ್ಯದಷ್ಟು. ಅದರ ಬೆನ್ನಿಗೇ ಆ ವರ್ಷಗಳಲ್ಲಿ ತಾವು ಮಾಡಿದುದೇನೆಂಬುದನ್ನು ಹೇಳಿದರು. ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಶಿಫಾರಸು ಜೊತೆಗಿತ್ತು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಆ ಕೆಲಸ ಅವರಿಗೆ ಸಿಕ್ಕಿತು.

ಒಂದು ವರ್ಷ ತುಂಬುವ ಮೊದಲೇ, 1913ರ ಜನವರಿ 16ರಂದು, ಅದೇ ಗುಮಾಸ್ತೆ ಕೇಂಬ್ರಿಜ್ಜಿನ ಹಾರ್ಡಿ ಅವರಿಗೆ ಬರೆದ ಪತ್ರ ಜಗತ್ಪ್ರಸಿದ್ಧವಾಯಿತು. ಅಲ್ಲಿಯೂ ತಾವೊಬ್ಬ ಗುಮಾಸ್ತೆ, ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲದವರು ಎಂಬುದನ್ನು ಅವರು ಆರಂಭದಲ್ಲಿಯೇ ಹೇಳಿದರು. ಲೆಕ್ಕಾಧಿಕಾರಿಗೆ ಬರೆದಾಗ ಗಣಿತದ ಸೂತ್ರಗಳನ್ನು ಹೇಳಲಿಲ್ಲ. ಹಾರ್ಡಿಗೆ ಬರೆದಾಗ ಹಾಳೆಗಟ್ಟಲೆ ಪ್ರಮೇಯಗಳನ್ನು ಜೊತೆಗಿಟ್ಟರು. ಬರೆದವರು ಒಬ್ಬರೇ, ಓದುವವರು ಬೇರೆ. ಆದುದರಿಂದ ಪತ್ರಗಳೂ ಬೇರೆ. ಆದರೆ ಎರಡರಲ್ಲಿಯೂ ಇರುವ ಮನುಷ್ಯ ಅದೇ ರಾಮಾನುಜನ್.

ಇನ್ನು ಪತ್ರದ ಧ್ವನಿಯ ವಿಚಾರ. ನಮ್ಮವರ ಅರ್ಜಿಗಳಲ್ಲಿ ಎರಡು ಬಗೆಯ ಅತಿರೇಕವನ್ನು ಕಾಣುತ್ತೇವೆ. ಹಳೆಯ ತಲೆಮಾರಿನವರದು ಪಾದಕ್ಕೆ ಬೀಳುವ ಭಾಷೆ. ಹೊಸಬರದು ಎದೆ ತಟ್ಟುವ ಭಾಷೆ. ಎರಡೂ ಬೇಡ. ಈ ಮಾತಿಗೆ ನಮ್ಮ ಶಬ್ದಗಳೇ ಸಾಕ್ಷಿ ನುಡಿಯುತ್ತವೆ. ಅರ್ಜಿ ಎಂಬುದು ಅರಬ್ಬಿಯ ‘ಅರ್ಜ್’ ಎಂಬುದರಿಂದ ಬಂದದ್ದು. ಎದುರಿಗೆ ಇಡುವುದು, ನಿವೇದಿಸುವುದು ಎಂದು ಅದರ ಅರ್ಥ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಅಧಿಕಾರಿಗಳು ಅರಸರಿಗೆ ‘ಬಿನ್ನಪಂ ಗೆಯ್ದರು’ ಎಂದು ಬರುತ್ತದೆಯಷ್ಟೆ. ಬಿನ್ನಪವೆಂಬುದು ವಿಜ್ಞಾಪನೆಯ ತದ್ಭವ, ತಿಳಿಯಪಡಿಸುವುದೆಂದು ಅದರ ಮೂಲಾರ್ಥ. ಎರಡರಲ್ಲಿಯೂ ಅಂಗಲಾಚುವ ಅರ್ಥವಿಲ್ಲ. ಅರ್ಜಿ ಹಾಕುವವನಿಗೆ ಉತ್ತರ ಕರ್ನಾಟಕದಲ್ಲಿ ರೂಢಿಯಿರುವ ಹೆಸರು ಉಮೇದುವಾರ. ಉಮೇದು ಎಂದರೆ ಆಸೆ, ಭರವಸೆ. ಭರವಸೆಯಿಟ್ಟುಕೊಂಡು ತನಗಿರುವುದನ್ನು ಎದುರಿಗೆ ಇಡುವವನು ಉಮೇದುವಾರ. ಮಾನ್ಯರೆ ಎಂದು ಆರಂಭಿಸಿ, ತಮ್ಮ ವಿಶ್ವಾಸಿ ಎಂದು ಮುಗಿಸಿದರೆ ಮರ್ಯಾದೆಗೆ ಸಾಕು.

ಭಾಷೆ ಯಾವುದಿರಬೇಕು ಎಂದು ಗಡಿನಾಡಿನವರು ಕೇಳುವುದು ಸಹಜ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ ಉತ್ತರಿಸುವುದು ಕ್ಷೇಮ. ಇಂಗ್ಲಿಷಿನಲ್ಲಿ ಬರೆಯಲೇಬೇಕಾದರೆ ಮೊದಲು ಕನ್ನಡದಲ್ಲಿ ಯೋಚಿಸಿ, ವಿಷಯವನ್ನು ಗೊತ್ತುಮಾಡಿಕೊಂಡು, ನಿಮಗೆ ಅರ್ಥ ತಿಳಿದ ಶಬ್ದಗಳಿಂದಲೇ ಬರೆಯಿರಿ. ನೀವು ಬಾಯಲ್ಲಿ ಆಡಲಾರದ ಶಬ್ದ ಪತ್ರದಲ್ಲಿ ಇರಬಾರದು. ಬರೆದಾದ ಮೇಲೆ ಗಟ್ಟಿಯಾಗಿ ಓದಿಕೊಳ್ಳಿ. ನಾಲಗೆ ತೊಡರಿದಲ್ಲಿ ವಾಕ್ಯ ಕೆಟ್ಟಿದೆಯೆಂದು ತಿಳಿಯಬಹುದು.

ಉಳಿದವು ಸಣ್ಣ ಸಂಗತಿಗಳು, ಆದರೆ ಉಪೇಕ್ಷಿಸುವಂಥವಲ್ಲ. ಪತ್ರ ಒಂದು ಪುಟವನ್ನು ಮೀರದಿರಲಿ. ಹುದ್ದೆಯ ಹೆಸರು, ಜಾಹೀರಾತಿನ ತಾರೀಖು ಮೊದಲ ವಾಕ್ಯದಲ್ಲಿಯೇ ಇರಲಿ. ಸಂಸ್ಥೆಯ ಹೆಸರಿನಲ್ಲಿ ಅಕ್ಷರದ ತಪ್ಪಾದರೆ ಉಳಿದ ಎಚ್ಚರಿಕೆಯೆಲ್ಲ ವ್ಯರ್ಥ. ಅವರು ಕೇಳದ ಹೊರತು ಸಂಬಳದ ಮಾತು ಬೇಡ. ಜಾತಿ, ಮನೆತನ, ಮದುವೆ ಇವುಗಳ ವಿವರವೂ ಬೇಡ. ಲಗತ್ತಿಸಿದ ಪ್ರಮಾಣಪತ್ರಗಳ ಪಟ್ಟಿ ಕೊನೆಯಲ್ಲಿರಲಿ. ಮೂಲಪ್ರತಿಯನ್ನು ಎಂದೂ ಕಳುಹಿಸಬೇಡಿ. ಇ-ಮೇಲಿನಲ್ಲಿ ಕಳುಹಿಸುವುದಾದರೆ ವಿಷಯವೆಂಬ ಜಾಗದಲ್ಲಿ ಹುದ್ದೆಯ ಹೆಸರನ್ನೂ ನಿಮ್ಮ ಹೆಸರನ್ನೂ ಬರೆಯಿರಿ. ಅದನ್ನು ಖಾಲಿ ಬಿಡಬೇಡಿ. ನಿಮ್ಮ ಫೋನ್ ಸಂಖ್ಯೆಯನ್ನು ಒಮ್ಮೆ ಸರಿನೋಡಿ. ಕಳುಹಿಸಿದ ಪತ್ರದ ಒಂದು ಪ್ರತಿ ನಿಮ್ಮಲ್ಲಿರಲಿ. ಸಂದರ್ಶನದ ಹಿಂದಿನ ರಾತ್ರಿ ಓದಬೇಕಾದ ಮುಖ್ಯ ಪಠ್ಯ ಅದೇ.

ಈಗ ಇನ್ನೊಂದು ಹೊಸ ಅನುಕೂಲ ಬಂದಿದೆ. ಹುದ್ದೆಯ ಹೆಸರನ್ನು ಹೇಳಿದರೆ ಸಾಕು, ಕೃತಕ ಬುದ್ಧಿಮತ್ತೆಯ ಯಂತ್ರ ಕ್ಷಣದಲ್ಲಿ ಪತ್ರ ಬರೆದುಕೊಡುತ್ತದೆ. ಅದನ್ನು ಮುಟ್ಟಲೇಬಾರದೆಂದು ನಾನು ಹೇಳಲಾರೆ. ಕಾಗುಣಿತ ತಿದ್ದಲು, ಇಂಗ್ಲಿಷ್ ವಾಕ್ಯ ಸರಿಯಿದೆಯೆ ಎಂದು ಕೇಳಲು ಅದು ಒದಗೀತು. ಹಿಂದೆ ಈ ಕೆಲಸವನ್ನು ಊರಿನ ಮಾಸ್ತರರು ಮಾಡುತ್ತಿದ್ದರು. ಆದರೆ ನಿಮ್ಮ ಅವ್ವನ ಸಂಘದ ಲೆಕ್ಕದ ಪುಸ್ತಕ ಯಂತ್ರಕ್ಕೆ ಗೊತ್ತಿಲ್ಲ. ನೀವು ಹೇಳದಿದ್ದರೆ ಅದು ಎಲ್ಲರಿಗೂ ಒಪ್ಪುವ ಮಾತುಗಳನ್ನೇ ಪೋಣಿಸಿ ಕೊಡುತ್ತದೆ. ಪಕ್ಕದ ಮನೆಯ ಉಮೇದುವಾರನಿಗೂ ಬಹುಮಟ್ಟಿಗೆ ಅದನ್ನೇ ಕೊಟ್ಟಿರುತ್ತದೆ. ಅರ್ಜಿನವೀಸನು ಕೊನೆಯ ಪಕ್ಷ ಎದುರಿಗೆ ಕುಳಿತವನ ಕಥೆಯನ್ನು ಕೇಳಿ ಬರೆಯುತ್ತಿದ್ದ.

ಆ ಹುಡುಗಿಯ ಪತ್ರ ಕೊನೆಗೆ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಜಾಹೀರಾತು ಕನ್ನಡದಲ್ಲಿತ್ತು, ಪತ್ರವನ್ನೂ ಕನ್ನಡದಲ್ಲಿಯೇ ಬರೆಯುವುದೆಂದಾಯಿತು. ನಾನು ಪ್ರಶ್ನೆ ಕೇಳಿದೆ, ಅವಳು ಉತ್ತರ ಹೇಳಿದಳು, ಉತ್ತರವನ್ನೇ ಬರೆದುಕೊಂಡಳು. ಬರೆದಾದ ಮೇಲೆ ಅದು ಸುಮಾರು ಹೀಗಿತ್ತು:

“ಮಾನ್ಯರೆ, ತಮ್ಮ ಸಂಘದ ಲೆಕ್ಕ ಸಹಾಯಕರ ಹುದ್ದೆಯನ್ನು ಕುರಿತು ಈ ತಿಂಗಳ 4ರಂದು ಪ್ರಕಟವಾದ ಜಾಹೀರಾತನ್ನು ಓದಿ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ.

“ನಾನು ವಾಣಿಜ್ಯ ಪದವೀಧರೆ. ಕಳೆದ ಮೂರು ವರ್ಷಗಳಿಂದ ನಮ್ಮೂರಿನ ಹದಿನೈದು ಸದಸ್ಯೆಯರ ಸ್ವಸಹಾಯ ಸಂಘವೊಂದರ ಉಳಿತಾಯ, ಸಾಲ ಮತ್ತು ಬಡ್ಡಿಯ ಪುಸ್ತಕಗಳನ್ನು ಬರೆಯುತ್ತಿದ್ದೇನೆ. ಕಳೆದ ವರ್ಷ ನಮ್ಮ ಪುಸ್ತಕಕ್ಕೂ ಬ್ಯಾಂಕಿನ ಪಾಸ್‌ಬುಕ್ಕಿಗೂ 340 ರೂಪಾಯಿಯ ವ್ಯತ್ಯಾಸ ಕಂಡುಬಂತು. ಮೂರು ತಿಂಗಳ ನಮೂದುಗಳನ್ನು ಒಂದೊಂದಾಗಿ ನೋಡಿ, ಒಂದು ಕಂತು ಎರಡು ಸಲ ಬರೆದುಹೋಗಿದ್ದುದನ್ನು ಪತ್ತೆಹಚ್ಚಿ ಸರಿಪಡಿಸಿದೆ. ಆ ತಪ್ಪು ನನ್ನದೇ ಆಗಿತ್ತು. ಅಂದಿನಿಂದ ಪ್ರತಿ ತಿಂಗಳೂ ಎರಡನ್ನೂ ತಾಳೆ ನೋಡುತ್ತಿದ್ದೇನೆ.

“ಪದವಿಯ ಎರಡನೆಯ ವರ್ಷದಲ್ಲಿ ಒಂದು ವಿಷಯದಲ್ಲಿ ಅನುತ್ತೀರ್ಣಳಾಗಿ ಮರುವರ್ಷ ತೇರ್ಗಡೆಯಾದೆ. ಗಣಕಯಂತ್ರದಲ್ಲಿ ಟ್ಯಾಲಿ ಕಲಿಯುತ್ತಿದ್ದೇನೆ. ಇನ್ನೂ ಪೂರ್ತಿಯಾಗಿ ಬಾರದು. ಸಂದರ್ಶನಕ್ಕೆ ಕರೆದರೆ, ಸಂಘದವರ ಒಪ್ಪಿಗೆ ಪಡೆದು ನಾನು ಬರೆದ ಪುಸ್ತಕಗಳನ್ನು ತಂದು ತೋರಿಸಬಲ್ಲೆ. ತಮ್ಮ ವಿಶ್ವಾಸಿ.”

“ಆ ತಪ್ಪು ನನ್ನದೇ ಆಗಿತ್ತು” ಎಂಬ ವಾಕ್ಯವನ್ನು ಸೇರಿಸಿದವಳು ಅವಳೇ. ನಾನು ಅದನ್ನು ಹೊಡೆದುಹಾಕೆಂದು ಹೇಳುವುದರಲ್ಲಿದ್ದೆ, ಹೇಳಲಿಲ್ಲ.

ಸಂದರ್ಶನಕ್ಕೆ ಕರೆ ಬಂತು. ಆ ಹುದ್ದೆ ಅವಳಿಗೆ ಸಿಗಲಿಲ್ಲ. ಟ್ಯಾಲಿ ಚೆನ್ನಾಗಿ ಬಲ್ಲ ಬೇರೊಬ್ಬರಿಗೆ ಹೋಯಿತು. ಒಳ್ಳೆಯ ಪತ್ರ ಕೆಲಸವನ್ನು ಕೊಡಿಸಿಯೇ ತೀರುತ್ತದೆಂದು ನಾನು ಹೇಳಿದರೆ ಅದೂ ಒಂದು ಎರವಲು ಮಾತಾದೀತು. ಪತ್ರ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ಹೋಗಬೇಕಾದವರು ನಾವು. ಅವಳು ಹಿಂದಿರುಗಿ ಬಂದು ಹೇಳಿದ ಮಾತು ನನಗೆ ಹೆಚ್ಚಿನದೆನಿಸಿತು: “ಅರ್ಧ ತಾಸು ಆ 340 ರೂಪಾಯಿದೇ ಕೇಳಿದ್ರಿ ಸರ್. ನಾ ಮಾಡಿದ್ದನ್ನ ಕೇಳಿದ್ರು, ನಾ ಹೇಳ್ದೆ. ಒಂದೀಟೂ ಅಂಜಿಕಿ ಆಗ್ಲಿಲ್ಲ.”

ಮುಂದಿನ ಅರ್ಜಿಯನ್ನು ಬರೆಯಲು ಅವಳು ನನ್ನಲ್ಲಿಗೆ ಬರಲಿಲ್ಲ. ಅಗತ್ಯ ಬೀಳಲಿಲ್ಲ.